ಗಾಜಿನ ಮನೆಯ ಹಿಂದಿನ ಸಂಘ

2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಅವರ ಗಾಜನೂರಿನ ಮನೆ ಲಾಲ್‌ಬಾಗಿನಲ್ಲಿ ಹೂವಾಗಿ ಎದ್ದು ನಿಂತಿತ್ತು. 2024ರ ಜನವರಿಯಲ್ಲಿ ಬಸವಣ್ಣನವರ ಅನುಭವ ಮಂಟಪದ ಸರದಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಬೆಂಗಳೂರಿಗೆ ಬೆಂಗಳೂರೇ ಹರಿದು ಬರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ತೋಟಗಾರಿಕೆ ಇಲಾಖೆಯ ಜೊತೆಗೆ ಮತ್ತೊಂದು ಹೆಸರೂ ಇರುತ್ತದೆ: ಮೈಸೂರು ಉದ್ಯಾನ ಕಲಾ ಸಂಘ. ಅದರ ವಯಸ್ಸು ನೂರು ದಾಟಿದೆಯೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಲಾಲ್‌ಬಾಗಿಗೆ ಇಂಥ ಸಂಘಗಳ ನಂಟು ಇನ್ನೂ ಹಳೆಯದು. ಹೈದರಾಲಿ 1760ರಲ್ಲಿ ಹಾಕಿಸಿ, ಟಿಪ್ಪು ಬೆಳೆಸಿದ ಈ ತೋಟವನ್ನು ಕಮಿಷನರ್ ಮಾರ್ಕ್ ಕಬ್ಬನ್ 1836ರಲ್ಲಿ ಕೃಷಿ–ತೋಟಗಾರಿಕೆ ಸಂಘವೊಂದಕ್ಕೆ ಒಪ್ಪಿಸಿದ್ದರು. ಆ ಸಂಘ 1842ರ ಹೊತ್ತಿಗೆ ಮುಚ್ಚಿಹೋಯಿತು. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು.

ಪ್ರದರ್ಶನಕ್ಕೊಂದು ಸೂರು ಸಿಕ್ಕಿದ್ದು 1874ರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ. 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಡಿಗಲ್ಲಿಟ್ಟರು. ಎರಕದ ಕಬ್ಬಿಣದ ಕಂಬ, ಕಮಾನುಗಳು ಸ್ಕಾಟ್ಲೆಂಡಿನ ಗ್ಲಾಸ್ಗೊದಿಂದ ಹಡಗೇರಿ ಬಂದವು. ಇಂಗ್ಲೆಂಡಿನಲ್ಲಿ ಗಾಜಿನ ಮನೆಯೆಂದರೆ ಚಳಿಗೆ ಗಿಡ ಸಾಯದಂತೆ ಕಾಪಾಡುವ ಜಾಗ. ಬೆಂಗಳೂರಿನ ಹವೆಗೆ ಆ ಆಸರೆ ಬೇಕಿರಲಿಲ್ಲ. ಇಲ್ಲಿ ಅದನ್ನು ಕಟ್ಟಿದ್ದು ಬೆಳೆದದ್ದನ್ನು ತಂದಿಟ್ಟು ನಾಲ್ಕು ಜನರಿಗೆ ತೋರಿಸುವುದಕ್ಕೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1935ರಲ್ಲಿ, ಭದ್ರಾವತಿಯ ಉಕ್ಕು ಬಳಸಿ ಅದನ್ನು ಪೂರ್ವಕ್ಕೆ ವಿಸ್ತರಿಸಲಾಯಿತು. ಗ್ಲಾಸ್ಗೊದ ಕಬ್ಬಿಣದ ಪಕ್ಕಕ್ಕೆ ನಮ್ಮದೇ ಕಾರ್ಖಾನೆಯ ಉಕ್ಕು ಬಂದು ನಿಂತದ್ದು ಹೆಮ್ಮೆಪಡುವ ಸಂಗತಿಯೇ.

ತೋರಿಸುವುದರಿಂದ ಏನು ಪ್ರಯೋಜನ? ಸೀಮೆಬದನೆಯನ್ನೇ ನೋಡಿ. ಅದನ್ನು ಈ ಕಡೆಗೆ ತಂದವರು ಕ್ಯಾಮರಾನ್ ಎನ್ನುತ್ತಾರೆ. ಅಮೆರಿಕ ಖಂಡದ ಈ ಬಳ್ಳಿ ಬೆಂಗಳೂರಿನ ಸುತ್ತ ಎಷ್ಟು ಒಗ್ಗಿಹೋಯಿತೆಂದರೆ, ತಮಿಳುನಾಡಿನವರು ಇಂದಿಗೂ ಅದನ್ನು ‘ಬೆಂಗಳೂರು ಕತ್ತಿರಿಕ್ಕಾಯ್’ ಎಂದೇ ಕರೆಯುತ್ತಾರೆ. ಕಂಡರಿಯದ ತರಕಾರಿಯನ್ನು ರೈತ ಯಾರದೋ ಮಾತು ನಂಬಿ ಬಿತ್ತುವುದಿಲ್ಲ. ಕಾಯನ್ನು ಕೈಯಲ್ಲಿ ಹಿಡಿದು, ಬೆಳೆದವನನ್ನೇ ಕೇಳಿ ತಿಳಿಯುವ ಅವಕಾಶ ಅವನಿಗೆ ಬೇಕು.

ಈಗಿನ ಸಂಘವನ್ನು 1912ರಲ್ಲಿ ಕಟ್ಟಿದವರು ಜಿ.ಎಚ್. ಕೃಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಾ ಮಹಾರಾಜರ ತೋಟಗಳನ್ನು ನೋಡಿಕೊಂಡು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ಒಂದು ಮರದ ಹೂವು ಉದುರುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಬದಿಯ ಸಾಲುಮರಗಳನ್ನು ಯೋಜಿಸಿದವರೂ ಅವರೇ. ಸರ್ಕಾರಿ ತೋಟ ಎಷ್ಟೇ ಚೆಂದವಿದ್ದರೂ ಅದರ ವಿದ್ಯೆ ಮನೆಯಂಗಳಕ್ಕೆ ಇಳಿಯಬೇಕಾದರೆ ಹವ್ಯಾಸಿಗಳೂ ಬೆಳೆಗಾರರೂ ಒಂದೆಡೆ ಸೇರಬೇಕಿತ್ತು. ಸಂಘ ಆ ಜಾಗವಾಯಿತು. 1932ರಲ್ಲಿ ಕೃಂಬಿಗಲ್ ನಿವೃತ್ತರಾದ ಮೇಲೆ ಸರ್ಕಾರಿ ತೋಟಗಳ ಹೊಣೆ ಹೊತ್ತವರು ಎಚ್.ಸಿ. ಜವರಾಯ. ಮುಂದೆ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಬಂದ ಡಾ. ಎಂ.ಎಚ್. ಮರಿಗೌಡರು ನರ್ಸರಿ, ತೋಟಗಾರಿಕೆ ಕ್ಷೇತ್ರಗಳನ್ನು ಜಿಲ್ಲೆ ಜಿಲ್ಲೆಗೂ ಒಯ್ದರು.

ಇಂದಿನ ಪ್ರದರ್ಶನದಲ್ಲಿ ಹೂವಿನ ಮಂಟಪದ ಮುಂದೆ ಫೋಟೊ ತೆಗೆಸಿಕೊಂಡವರು ಸ್ವಲ್ಪ ಪಕ್ಕಕ್ಕೂ ನಡೆದು ನೋಡಬೇಕು. ಇಕೆಬಾನ, ಬೊನ್ಸಾಯ್, ತರಕಾರಿ ಕೆತ್ತನೆ, ಒಣಹೂವಿನ ಜೋಡಣೆ: ಈ ಸ್ಪರ್ಧೆಗಳಿಗೆ ಹೆಸರು ಕೊಟ್ಟವರಲ್ಲಿ ಗೃಹಿಣಿಯರೂ ಇರುತ್ತಾರೆ. ಮನೆಯ ತೋಟ, ತಾರಸಿ ತೋಟ, ಶಾಲೆ–ಕಾರ್ಖಾನೆಗಳ ಉದ್ಯಾನಕ್ಕೂ ಸ್ಪರ್ಧೆಯುಂಟು. ತೋಟವನ್ನು ಹೊತ್ತು ತರಲಾಗುವುದಿಲ್ಲವಲ್ಲ, ತೀರ್ಪುಗಾರರೇ ಅಲ್ಲಿಗೆ ಹೋಗಿ ಅಂಕ ಹಾಕುತ್ತಾರೆ.