ನಿರಾಶಾವಾದವೂ ಕರುಣೆಯೂ

ದುಃಖಿತರನ್ನು ಸಂತೈಸಹೋದವರು ‘ಆಗುವುದೆಲ್ಲ ಒಳ್ಳೆಯದಕ್ಕೇ’ ಎನ್ನುವುದು ಲೋಕರೂಢಿ. ಉದ್ದೇಶವು ಸದುದ್ದೇಶವೇ ಸರಿ. ಆದರೆ ಎಳೆಯ ಮಗುವನ್ನು ಕಳೆದುಕೊಂಡ ತಾಯಿಗೆ ಆ ಮಾತು ಎರಡನೆಯ ಪೆಟ್ಟಾಗಿ ತಾಗುವುದುಂಟು. ಲೋಕವೆಲ್ಲ ಸರಿಯಾಗಿಯೇ ಇದ್ದು, ಆಕೆಯ ಕಣ್ಣೀರೊಂದೇ ತಪ್ಪು ಎಂಬಂತಾಗುವುದು. ಹಾಗಾದರೆ, ಬಾಳು ಸ್ವಭಾವತಃ ದುಃಖಮಯವೆಂದು ಸಾರುವ ನಿರಾಶಾವಾದವು ನೊಂದವರನ್ನು ಇನ್ನಷ್ಟು ಕುಗ್ಗಿಸಲಾರದೆ? ಕುಗ್ಗಿಸಬೇಕಿಲ್ಲವೆಂಬುದಕ್ಕೆ ಜರ್ಮನ್ ತತ್ತ್ವಜ್ಞಾನಿ ಆರ್ಥರ್ ಶೋಪೆನ್‌ಹಾವರನ (1788–1860) ವಿಚಾರಸರಣಿಯು ಉತ್ತಮ ನಿದರ್ಶನವಾಗಿದೆ.

1818ರ ಕೊನೆಯಲ್ಲಿ ಪ್ರಕಟವಾದ ತನ್ನ ಪ್ರಧಾನ ಗ್ರಂಥದಲ್ಲಿ ಅವನು ಜಗತ್ತಿನ ಮೂಲವನ್ನು ಗುರಿಯಿಲ್ಲದ ಒಂದು ಕುರುಡು ಇಚ್ಛೆಯೆಂದು ನಿರೂಪಿಸಿದನು. ಇಚ್ಛೆಯೆಂದರೆ ಕೊರತೆ, ಕೊರತೆಯೆಂದರೆ ನೋವು. ಇಚ್ಛೆ ಈಡೇರಿದರೆ ಬೇಸರ, ಬೇಸರದಿಂದ ಮತ್ತೆ ಹೊಸ ಇಚ್ಛೆ. ಹೀಗೆ ಬಾಳು ನೋವು–ಬೇಸರಗಳ ನಡುವೆ ಲೋಲಕದಂತೆ ತೂಗಾಡುತ್ತದೆ. ಸುಖವೆಂಬುದು ನೋವಿನ ತಾತ್ಕಾಲಿಕ ಉಪಶಮನ ಮಾತ್ರ. ಈ ಸಂಕಟವನ್ನೆಲ್ಲ ಮರೆಸಿ ಲೋಕವನ್ನು ಹೊಗಳುವ ಆಶಾವಾದವು ನೊಂದವರ ಅಪಹಾಸ್ಯವೆಂದೇ ಅವನ ಮತ.

ಇದು ಮನಸ್ಸಿನ ಖಿನ್ನತೆಯಲ್ಲ. ಜಗತ್ತಿನ ಸ್ವರೂಪವನ್ನು ಕುರಿತ ಒಂದು ನಿರ್ಣಯ. ದುಃಖಿಯನ್ನು ದುಃಖಕ್ಕಿಂತಲೂ ಹೆಚ್ಚಾಗಿ ಸುಡುವುದು ‘ನನಗೇ ಏಕೆ? ಹೀಗಾಗದೆ ಇರಬಹುದಿತ್ತಲ್ಲ’ ಎಂಬ ಕೊರಗು. ನೋವು ಬಾಳಿನೊಡನೆಯೇ ಬಂದದ್ದೆಂದು ತಿಳಿದಾಗ, ಅದು ತನಗೆ ಮಾತ್ರ ವಿಧಿಸಿದ ಶಿಕ್ಷೆಯೆಂಬ ಭಾವವು ಕಳಚುತ್ತದೆ. ನೋವು ಉಳಿಯುತ್ತದೆ, ಒಂಟಿತನವೂ ಆತ್ಮನಿಂದೆಯೂ ತಗ್ಗುತ್ತವೆ. ಈ ದರ್ಶನವು ಕೊಡಬಲ್ಲ ಸಾಂತ್ವನವು ಇಷ್ಟೇ. ಆದರೆ ಇದು ಅಲ್ಪವಲ್ಲ.

ಕರುಣೆಯು ಹುಟ್ಟುವುದೂ ಇಲ್ಲಿಯೇ. ಸ್ವಾರ್ಥ, ದ್ವೇಷ, ಕರುಣೆ ಎಂಬ ಮೂರು ಮನುಷ್ಯನ ಕ್ರಿಯೆಗಳಿಗೆ ಮೂಲಪ್ರೇರಣೆಗಳೆಂದೂ, ಇವುಗಳಲ್ಲಿ ಕರುಣೆಯೊಂದೇ ನೀತಿಗೆ ಆಧಾರವೆಂದೂ ಅವನು ನೀತಿಯ ತಳಹದಿಯನ್ನು ಕುರಿತ ಪ್ರಬಂಧದಲ್ಲಿ ವಾದಿಸಿದನು. ಡೆನ್ಮಾರ್ಕಿನ ರಾಜವಿದ್ವತ್ಸಭೆಯ ಸ್ಪರ್ಧೆಗೆ ಬಂದ ಪ್ರಬಂಧವು ಅದೊಂದೇ ಆಗಿದ್ದರೂ 1840ರಲ್ಲಿ ಅದಕ್ಕೆ ಬಹುಮಾನವು ನಿರಾಕೃತವಾಯಿತು. ಕರುಣೆಯಿಂದ ಎರಡು ಗುಣಗಳು ಹೊಮ್ಮುತ್ತವೆ: ಯಾರನ್ನೂ ನೋಯಿಸದ ನ್ಯಾಯ, ಎಲ್ಲರಿಗೂ ನೆರವಾಗುವ ಪ್ರೀತಿ. ಪ್ರಾಣಿಗಳೂ ಇದರ ವ್ಯಾಪ್ತಿಗೆ ಸೇರಿವೆ. ಮನುಷ್ಯರು ಪರಸ್ಪರರನ್ನು ಮಾನ್ಯರೆಂದು ಕರೆಯುವುದಕ್ಕಿಂತ ಸಹದುಃಖಿಗಳೆಂದು ಕರೆಯುವುದೇ ಯುಕ್ತವೆಂದೂ ಅವನು ಸೂಚಿಸಿದ್ದಾನೆ. ಎದುರಿಗಿರುವವನು ಸಹದುಃಖಿಯೆಂದರಿತ ಮೇಲೆ ಅವನ ದೋಷವನ್ನು ಸಹಿಸುವುದು ಸುಲಭವಾಗುತ್ತದೆ.

ಈ ವಿಚಾರಕ್ಕೆ ಭಾರತದ ನಂಟೂ ಉಂಟು. ದಾರಾ ಶಿಕೋಹನು 1657ರಲ್ಲಿ ಪಾರಸಿಗೆ ತರಿಸಿದ ಉಪನಿಷತ್ತುಗಳು ಆಂಕೆತಿಲ್ ದ್ಯುಪೆರಾನನಿಂದ ಲ್ಯಾಟಿನ್ ಭಾಷೆಗೆ ಇಳಿದು 1801–02ರಲ್ಲಿ ಅಚ್ಚಾದವು. ಶೋಪೆನ್‌ಹಾವರನು ಆ ಗ್ರಂಥವನ್ನು ತನ್ನ ಬಾಳಿನ ಸಾಂತ್ವನವೆಂದು ಭಾವಿಸಿದನು. ‘ನಾನು’, ‘ಅನ್ಯ’ ಎಂಬ ಗೋಡೆ ಕರಗುವುದೇ ಕರುಣೆಯೆಂಬುದನ್ನು ಛಾಂದೋಗ್ಯದ ಮಹಾವಾಕ್ಯದಿಂದ ವಿವರಿಸಿದನು.

ದುಃಖವು ಅನಿವಾರ್ಯವಾದರೆ ಪರೋಪಕಾರವೇಕೆಂದು ಕೇಳಬಹುದು. ದುಃಖದ ಬೇರನ್ನು ನಾವು ಕೀಳಲಾರದಿರಬಹುದು. ನೆರೆಯವನ ಇಂದಿನ ಹಸಿವನ್ನು ನೀಗಿಸಬಲ್ಲೆವು. ಸ್ವತಃ ಸಿಡುಕು ಸ್ವಭಾವದವನಾಗಿದ್ದ ಈ ತತ್ತ್ವಜ್ಞಾನಿಯು ಸಂತನಾಗಿರಲಿಲ್ಲ. ಆದರೂ ತನ್ನ ಆಸ್ತಿಯ ಬಹುಭಾಗವನ್ನು 1848ರ ದಂಗೆಗಳ ಕಾಲದಲ್ಲಿ ಅಂಗವಿಕಲರಾದ ಪ್ರಷ್ಯದ ಸೈನಿಕರಿಗೂ ಮಡಿದವರ ಕುಟುಂಬಗಳಿಗೂ ಬಿಟ್ಟುಹೋದನು.

ಆದಕಾರಣ, ನೊಂದವರ ಬಳಿಗೆ ಹೋದಾಗ ಅವರ ದುಃಖಕ್ಕೆ ಸಮರ್ಥನೆಯನ್ನು ಹುಡುಕಬೇಕಾಗಿಲ್ಲ. ಅದು ದುಃಖವೆಂದು ಒಪ್ಪಿ ಜೊತೆಯಲ್ಲಿ ಕುಳಿತರೆ, ಬೇಕಾದ ನೆರವು ಯಾವುದೆಂದು ತಾನಾಗಿಯೇ ತೋರುವುದು.