ಕಡಲಿನಿಂದ ಬಾನಿಗೆ ಹಾರುವ ಮುನ್ನ
ಸ್ಕೂಬಾ ಡೈವಿಂಗಿಗೆಂದು ಅಂಡಮಾನಿಗೆ ವಿಮಾನದಲ್ಲಿ ಹೊರಟಿದ್ದೀರಾ? ಹಾಗಾದರೆ ಪೆಟ್ಟಿಗೆ ತುಂಬುವಾಗಲೇ ಎಚ್ಚರ ವಹಿಸಿರಿ. ಡೈವಿಂಗ್ ಚಾಕು ಕೈಚೀಲದಲ್ಲಿ ಸಲ್ಲದು, ಚೆಕ್-ಇನ್ ಲಗೇಜಿನಲ್ಲಿರಲಿ. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗಳದು ಇದಕ್ಕೆ ತದ್ವಿರುದ್ಧ: ಅವು ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪು ಅಂಟಿಸಿರಬೇಕು. ಗಾಳಿ ತುಂಬಿದ ಸಿಲಿಂಡರನ್ನು ಒಯ್ಯಲು ಬಿಡುವುದಿಲ್ಲ. ಅಲ್ಲಿಯೇ ಬಾಡಿಗೆಗೆ ಪಡೆಯುವುದು ಜಾಣತನ.

ಇವೆಲ್ಲ ಭದ್ರತಾ ಸಿಬ್ಬಂದಿ ನೋಡಿಕೊಳ್ಳುವ ನಿಯಮಗಳು. ಯಾರೂ ತಪಾಸಣೆ ಮಾಡದ ನಿಯಮ ಇನ್ನೊಂದಿದೆ. ಪ್ರಾಣಕ್ಕೆ ಸಂಬಂಧಿಸಿದ್ದು ಅದೇ. ನೀರಿನಾಳದಲ್ಲಿ ನಿಮ್ಮ ರಕ್ತದಲ್ಲಿ ಕರಗಿದ ಸಾರಜನಕವು ವಿಮಾನದೊಳಗಿನ ಕಡಿಮೆ ಒತ್ತಡದಲ್ಲಿ ಗುಳ್ಳೆಗಳಾಗಿ ಕೀಲುನೋವನ್ನು, ಪಾರ್ಶ್ವವಾಯುವನ್ನೂ ತಂದೀತು. ಆದ್ದರಿಂದ ಒಂದೇ ಸಲ ಸಾಧಾರಣ ಆಳಕ್ಕೆ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಕಳೆದ ಮೇಲೆಯೇ ವಿಮಾನ ಹತ್ತಿರಿ. ಹಿಂದಿರುಗುವ ಟಿಕೆಟನ್ನು ಈ ಲೆಕ್ಕ ಹಾಕಿಯೇ ಕೊಳ್ಳಿರಿ.