ವಾಹನ ಎಣಿಸಿದ್ದು ಸಾಕು, ಜನರನ್ನು ಎಣಿಸಿ

ಮಹದೇವಪುರದ ಟ್ರಾಫಿಕ್ ಬಗ್ಗೆ ನಮ್ಮ ಸ್ಟುಡಿಯೋದಲ್ಲಿ ಚರ್ಚೆ ಅಂದ್ರೆ ರಾಜಕಾರಣಿ ಬರ್ತಾರೆ, ಪೊಲೀಸ್ ಅಧಿಕಾರಿ ಬರ್ತಾರೆ, ಅಪಾರ್ಟ್‌ಮೆಂಟ್ ಸಂಘದವರು ಬರ್ತಾರೆ. ಅಪರೂಪಕ್ಕೆ ಕಾಣೋದು ಒಬ್ಬರೇ, ಸಾರಿಗೆ ಎಂಜಿನಿಯರ್. ರಸ್ತೆ ಹಾಕೋ ಎಂಜಿನಿಯರ್ ಬೇರೆ, ಇವರು ಬೇರೆ. ಡಾಂಬರು ಎಷ್ಟು ದಪ್ಪ ಇರಬೇಕು ಅನ್ನೋದು ಅವರ ಲೆಕ್ಕ. ಆ ಡಾಂಬರಿನ ಮೇಲೆ ಗಂಟೆಗೆ ಎಷ್ಟು ಜನ ಸಾಗಬಹುದು, ಸಿಗ್ನಲ್‌ನಲ್ಲಿ ಹಸಿರು ದೀಪ ಎಷ್ಟು ಸೆಕೆಂಡ್ ಉರೀಬೇಕು, ಬಸ್ ಎಲ್ಲಿ ನಿಲ್ಲಬೇಕು ಅನ್ನೋದು ಇವರ ಲೆಕ್ಕ.

ಲೆಕ್ಕ ಕಷ್ಟದ್ದೇನಲ್ಲ. ರಸ್ತೆಯಲ್ಲಿ ಒಂದು ಬಸ್ಸು ಹೆಚ್ಚುಕಡಿಮೆ ಎರಡರಿಂದ ನಾಲ್ಕು ಕಾರಿನಷ್ಟು ಜಾಗ ತಿನ್ನುತ್ತೆ. ಒಂದು ಲೇನ್‌ನಲ್ಲಿ ಗಂಟೆಗೆ 1,000 ಕಾರು ಹೋಗುತ್ತೆ, ಕಾರಿಗೆ ಸರಾಸರಿ ಒಂದೂವರೆ ಜನ ಅಂತಿಟ್ಟುಕೊಳ್ಳಿ. ದಾಟಿದವರು 1,500 ಜನ. ಅದೇ ಲೇನ್‌ನಲ್ಲಿ ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 50 ಜನ ಅಂದ್ರೆ ಗಂಟೆಗೆ 3,000. ಜನ ದುಪ್ಪಟ್ಟು, ಆದರೂ ಲೇನ್ ಬಹುಪಾಲು ಖಾಲಿ. ಕಾರಲ್ಲಿ ಕೂತು ನೋಡೋರಿಗೆ ಆ ಖಾಲಿ ಜಾಗವೇ ಕಣ್ಣು ಕುಕ್ಕೋದು!

ಈ ಲೆಕ್ಕ ನಮ್ಮ ಹೊರವರ್ತುಲ ರಸ್ತೆಗೇ ಒಮ್ಮೆ ಇಳಿದಿತ್ತು. 2019ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿವರೆಗೆ ಬಸ್ ಆದ್ಯತಾ ಪಥ ಪ್ರಾಯೋಗಿಕವಾಗಿ ಶುರುವಾಯ್ತು. ಬೆಳ್ಳಂದೂರು, ಮಾರತ್‌ಹಳ್ಳಿ, ಮಹದೇವಪುರ ಎಲ್ಲ ಅದೇ ದಾರಿ. ಸಣ್ಣ ಕಂಬಗಳನ್ನು ನೆಟ್ಟು ಬಸ್ಸಿಗೆ ಅಂತಲೇ ಒಂದು ಲೇನ್ ಬಿಟ್ಟರು. ಪೀಕ್ ಅವರ್‌ನಲ್ಲಿ ಪಕ್ಕದ ಕಾರುಗಳು ನಿಂತಲ್ಲೇ ನಿಂತಿರುವಾಗ 500ಡಿ ಬಸ್ಸು ಮುಂದೆ ಹೋಗೋದನ್ನು ಈ ಭಾಗದ ಜನ ಕಣ್ಣಾರೆ ಕಂಡರು.

ಆಮೇಲೆ ಕೋವಿಡ್ ಬಂತು, ಬಸ್ ಖಾಲಿ ಆಯ್ತು. ಅದರ ಹಿಂದೆಯೇ ಸಿಲ್ಕ್ ಬೋರ್ಡ್–ಕೆ.ಆರ್.ಪುರ ಮೆಟ್ರೊ ಕಾಮಗಾರಿ ಬಂತು, ಕಂಬಗಳು ಕಿತ್ತುಹೋದವು. ಕಾಮಗಾರಿಗೆ ಜಾಗ ಬೇಕಿತ್ತು, ಒಪ್ಪೋಣ. ನನ್ನ ಪ್ರಶ್ನೆ ಬೇರೆ. ಆ ಲೇನಿಗೆ ವಾರಸುದಾರ ಯಾರು? ರಸ್ತೆ ಪಾಲಿಕೆಯದು, ಸಿಗ್ನಲ್ ಸಂಚಾರ ಪೊಲೀಸರದು, ಬಸ್ಸು ಬಿಎಂಟಿಸಿಯದು, ಮೇಲಿನ ಮೆಟ್ರೊ ಬಿಎಂಆರ್‌ಸಿಎಲ್‌ನದು. ಲೆಕ್ಕ ಹಾಕೋ ಕಚೇರಿ ಇಲ್ಲ ಅಂತಲ್ಲ. ನಗರ ಭೂ ಸಾರಿಗೆ ನಿರ್ದೇಶನಾಲಯ, ಅಂದ್ರೆ ಡಲ್ಟ್, 2007ರಿಂದಲೂ ಇದೆ. ಆದರೆ ಅದು ಯೋಜನೆ ಕೊಡಬಹುದು, ರಸ್ತೆ ಅದರ ಕೈಲಿಲ್ಲ. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸೋಕೆ ಅಂತಲೇ 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಪಾಸಾಯ್ತು. ಮುಖ್ಯಮಂತ್ರಿಗಳೇ ಅದರ ಅಧ್ಯಕ್ಷರು. ಆ ಮೇಜಿನಲ್ಲಿ ಸಾರಿಗೆ ಎಂಜಿನಿಯರ್ ಮಾತಿಗೆ ಎಷ್ಟು ತೂಕ ಅನ್ನೋದರ ಮೇಲೆ ನಿಮ್ಮ ನಾಳಿನ ಪ್ರಯಾಣ ನಿಂತಿದೆ.

ಮೆಟ್ರೊ ಬಂತಲ್ಲ, ಇನ್ನು ಬಸ್ ಲೇನ್ ಯಾಕೆ ಅಂತ ಕೇಳ್ತೀರಿ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೂ ತಡೆಯಿಲ್ಲದೆ ಓಡ್ತಿದೆ, ಸಂತೋಷ. ಆದರೆ ಸ್ಟೇಷನ್ ಇಳಿದವರು ಆಫೀಸಿಗೆ, ಫ್ಯಾಕ್ಟರಿಗೆ ಹೋಗೋದು ಅದೇ ರಸ್ತೆಯಲ್ಲೇ. ಫೀಡರ್ ಬಸ್ಸು ಜಾಮ್‌ನಲ್ಲಿ ಸಿಕ್ಕಿಬಿದ್ದರೆ, ಮೆಟ್ರೊ ಉಳಿಸಿದ ಸಮಯ ಅಲ್ಲೇ ಸೋರಿಹೋಗುತ್ತೆ.

ಇನ್ನೊಂದು ಮಾತು. ನನ್ನ ಜೊತೆ ಎಂಜಿನಿಯರಿಂಗ್ ಓದಿದ ಸಿವಿಲ್ ಹುಡುಗರಲ್ಲಿ ಎಷ್ಟೋ ಜನ ಇವತ್ತು ಇದೇ ರಸ್ತೆ ಪಕ್ಕದ ಟೆಕ್ ಪಾರ್ಕ್‌ಗಳಲ್ಲಿ ಕೋಡ್ ಬರೀತಿದ್ದಾರೆ. ಅವರನ್ನು ದೂರೋ ಹಾಗಿಲ್ಲ. ಸಾರಿಗೆ ಎಂಜಿನಿಯರ್ ಲೆಕ್ಕ ಕೊಟ್ಟ ಮೇಲೆ ಅದನ್ನು ಜಾರಿ ಮಾಡೋ ಅಧಿಕಾರ ಇರೋ ಹುದ್ದೆ ಎಷ್ಟಿವೆ ಹೇಳಿ? ಸಂಬಳಕ್ಕಿಂತ ಅದೇ ದೊಡ್ಡ ಕೊರತೆ.

ಮುಂದಿನ ಸಲ ನಿಮ್ಮ ವಾರ್ಡಿನಲ್ಲಿ ಯಾರಾದರೂ ಫ್ಲೈಓವರ್ ಭರವಸೆ ಕೊಟ್ಟರೆ ಚಪ್ಪಾಳೆ ಆಮೇಲೆ ತಟ್ಟಿ. ಗಂಟೆಗೆ ಎಷ್ಟು ವಾಹನ ಅಂತ ಕೇಳಬೇಡಿ, ಎಷ್ಟು ಜನ ದಾಟ್ತಾರೆ ಅಂತ ಕೇಳಿ. ಆ ಲೆಕ್ಕ ಹಾಕಿದವರ ಹೆಸರನ್ನೂ ಕೇಳಿ.